ಗೋಡೆಯ ಕಡೆ ಮುಖ

"ನಿನ್ನ ವಿರುದ್ಧ ಈ ಬಾಯಿಂದ ಒಂದು ಮಾತೂ ಬರಲ್ಲ, ಕೊಮಾರೆ. ಯಾರು ಕೇಳಿದ್ರೂ ಬರಲ್ಲ."

ಮಿಮ್ಮಾ ಈ ಮಾತು ಕೊಟ್ಟು ಬಹಳ ವರ್ಷಗಳಾಗಿದ್ದವು. ಅಂಗಳದ ನಲ್ಲಿಯ ಹತ್ತಿರ, ಹಿಂಡಿದ ಬಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ಕೊಟ್ಟ ಮಾತು. ಆ ದಿನ ಅವಳ ಹಿರಿಮಗಳು ಎದೆಯ ಜ್ವರದಿಂದ ಎದ್ದು ಕೂತು ಮೊದಲ ಸಲ ಸೂಪು ಕುಡಿದಿದ್ದಳು. ಮಗುವಿಗೆ ಹೊತ್ತು ಹೊತ್ತಿಗೆ ಪೆನಿಸಿಲಿನ್ ಚುಚ್ಚಿ ಉಳಿಸಿದವಳು ತೆಯೊದೋರಾ. ಮಗುವಿನ ಧರ್ಮತಾಯಿಯೂ ಅವಳೇ; ಅದಕ್ಕೇ ಇಬ್ಬರೂ ಒಬ್ಬರನ್ನೊಬ್ಬರು ಕೊಮಾರೆ ಎನ್ನುತ್ತಿದ್ದುದು. ಅಷ್ಟು ದಿನದ ಕೆಲಸಕ್ಕೆ ತೆಯೊದೋರಾ ತೆಗೆದುಕೊಂಡದ್ದು ಒಂದು ಲೋಟ ಕಾಫಿ, ಅದೂ ನಿಂತುಕೊಂಡೇ.

ಇಟಲಿಯ ಬ್ರಿಂದಿಸಿ ಬಂದರಿನ ಹಿಂದಿನ ಓಣಿಗಳಲ್ಲಿ ಡಾಕ್ಟರು ಚೀಟಿ ಬರೆಯುತ್ತಾರೆ, ಅಂಗಡಿಯವನು ಮದ್ದು ಕೊಡುತ್ತಾನೆ, ಚುಚ್ಚುವುದಕ್ಕೆ ಮಾತ್ರ ತೆಯೊದೋರಾ ಬರಬೇಕು. ಅವಳ ಹತ್ತಿರ ಪರವಾನಗಿ ಇರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ಕೇಳುವ ದಿನ ಬಂದದ್ದು ಎಪ್ಪತ್ತೊಂದರ ಮಾರ್ಚಿನಲ್ಲಿ.

ಆ ದಿನ ಮಧ್ಯಾಹ್ನವಾದರೂ ಮೂರನೇ ಮಹಡಿಯ ವಿತಾಂತೋನಿಯೊನ ಬಾಗಿಲ ಹಿಡಿಯಲ್ಲಿ ಬ್ರೆಡ್ಡಿನ ಚೀಲ ಹಾಗೇ ತೂಗುತ್ತಿತ್ತು. ಮಿಮ್ಮಾ ಆ ಕಟ್ಟಡದ ಕಾವಲುಗಿತ್ತಿ. ಹೆಬ್ಬಾಗಿಲ ಪಕ್ಕದ ಗಾಜಿನ ಕೋಣೆಯಲ್ಲೇ ಮೂರು ಮಕ್ಕಳು, ಒಲೆ, ಇಡೀ ಕಟ್ಟಡದ ಬೀಗದ ಕೈಗೊಂಚಲು, ಸಂಜೆಗೆ ಊದಿಕೊಳ್ಳುವ ಎರಡು ಪಾದ. ಅವಳು ಮೆಟ್ಟಿಲು ಹತ್ತಿ ಬೀಗ ತೆಗೆದು ನೋಡಿದಳು. ಮುದುಕ ಮಂಚದ ಮೇಲೆ ಬೋರಲಾಗಿ ಬಿದ್ದಿದ್ದ. ಅಂಗಿ ಸೊಂಟದವರೆಗೆ ಸರಿದಿತ್ತು, ಮುಖ ಗೋಡೆಯ ಕಡೆಗಿತ್ತು. ಉಸಿರು ಕಮ್ಮಾರನ ತಿದಿಯ ಹಾಗೆ ಎಳೆದು ಎಳೆದು ಬರುತ್ತಿತ್ತು. ಮುಖಕ್ಕೆ ನೀರು ಚಿಮುಕಿಸಿ, ಕೆನ್ನೆ ತಟ್ಟಿ ಎಬ್ಬಿಸುವಷ್ಟರಲ್ಲಿ ಅವಳೇ ಬೆವತುಹೋದಳು.

"ಎಷ್ಟು ಹೊತ್ತಾಯ್ತು?" ಎಂದ ಮುದುಕ ನಾಲಗೆ ತೊದಲುತ್ತಾ. "ನಾನು ಕೋರ್ಟಿಗೆ ಹೋಗ್ಬೇಕಿತ್ತು."

ಏಳಲು ಹೋದವನು ಹಾಗೇ ಕುಸಿದ. ಬಲಗಾಲು ನೆಲಕ್ಕೆ ಊರಿತು, ಪಾದ ಮಾತ್ರ ಮೇಲೇಳಲಿಲ್ಲ. ಒದ್ದೆ ಚಿಂದಿಯ ಹಾಗೆ ಜೋತುಬಿತ್ತು.

ಡಾಕ್ಟರು ಬಂದು ನೋಡಿದರು. ಸೂಜಿ ಪಿರ್ರೆಯ ಕೆಳಭಾಗದಲ್ಲಿ, ಮಧ್ಯದ ಸೀಳಿಗೆ ತೀರಾ ಹತ್ತಿರ ಇಳಿದು, ಕಾಲಿಗೆ ಹೋಗುವ ದೊಡ್ಡ ನರಕ್ಕೆ ತಾಗಿದೆ ಎಂದರು. ಗುಣವಾದರೂ ತಿಂಗಳುಗಳು ಬೇಕು, ಆಗದೆಯೂ ಇರಬಹುದು. ಜೊತೆಗೆ ಏನೋ ನಿದ್ದೆಯ ಮದ್ದು ಒಳಗೆ ಹೋಗಿದೆ ಎಂದೂ ಹೇಳಿದರು. ಠಾಣೆಯಿಂದ ಲೊಸೀತೊ ಎಂಬ ಯುವಕ ಅಧಿಕಾರಿ ಬಂದ. ವಿತಾಂತೋನಿಯೊ ಹಡಗುಗಳನ್ನು ಬಂದರಿನೊಳಕ್ಕೆ ನಡೆಸಿಕೊಂಡು ಬರುತ್ತಿದ್ದ ಹಳೇ ಪೈಲಟ್. ಕಳೆದ ಚಳಿಗಾಲದಲ್ಲಿ ಒಂದು ಮೀನುದೋಣಿ ಮುಳುಗಿ ಇಬ್ಬರು ಸತ್ತಿದ್ದರು. ಆ ದೋಣಿಯ ತಳ ಕೊಳೆತಿತ್ತು, ಮಾಲೀಕನಿಗೆ ನಾನೇ ಎಚ್ಚರಿಕೆ ಹೇಳಿದ್ದೆ ಎಂದು ಸಾಕ್ಷಿ ಹೇಳಲು ಇದ್ದವನು ಇವನೊಬ್ಬನೇ. ಆ ಬೆಳಿಗ್ಗೆ ಅವನು ನ್ಯಾಯಾಧೀಶರ ಮುಂದೆ ನಿಂತಿರಬೇಕಿತ್ತು. ವಿಚಾರಣೆ ಮುಂದಕ್ಕೆ ಹೋಯಿತು.

"ನಿನ್ನೆ ಸಂಜೆ ಮೇಲೆ ಯಾರು ಹೋದ್ರು?" ಎಂದು ಲೊಸೀತೊ ಮಿಮ್ಮಾಳನ್ನು ಕೇಳಿದ.

ಅವಳು ಆಲೂಗಡ್ಡೆ ಹೆಚ್ಚುತ್ತಿದ್ದಳು. ತಲೆ ಎತ್ತದೆಯೇ ಹೇಳಿಬಿಟ್ಟಳು: "ಹೊರಗಿನವ್ರಾ? ತೆಯೊದೋರಾ ಒಬ್ಳೇ. ಬೇರೆ ಯಾರೂ ಈ ಬಾಗಿಲು ದಾಟಿಲ್ಲ."

ಲೊಸೀತೊ ಬರೆದುಕೊಂಡ. ಅವನು ಬರೆಯುವುದನ್ನು ಕಂಡ ಮೇಲೆ ಮಿಮ್ಮಾಳಿಗೆ ತಾನು ಏನು ಹೇಳಿದೆ ಎಂಬುದು ಹೊಳೆಯಿತು. ಚಾಕು ಕೆಳಗಿಟ್ಟಳು.

ತೆಯೊದೋರಾ ಬೇರೆಯೇ ಹೇಳುತ್ತಿದ್ದಳು. ಸಂಜೆಯ ಗಂಟೆ ಬಾರಿಸಿದ ಮೇಲೆ ಎಂದಿನಂತೆ ಬಂದೆ, ಬಾಗಿಲು ಹಾಕಿತ್ತು, ತಟ್ಟಿದೆ, ಉತ್ತರ ಬರಲಿಲ್ಲ, ಎಲ್ಲೋ ಹೋಗಿರಬೇಕೆಂದು ಇಳಿದುಹೋದೆ. ಅದನ್ನು ನಂಬುವವರಾರು? ಇಂಜೆಕ್ಷನ್ ಇದ್ದ ಮನೆಯವರು ಆ ಹೊತ್ತಿಗೆ ಬಾಗಿಲು ಓರೆಮಾಡಿಟ್ಟು, ಸಿರಿಂಜು ಕುದಿಸಿಟ್ಟು, ಮಂಚದ ಮೇಲೆ ಮಲಗಿ ಕಾಯುವುದು ಆ ಓಣಿಗಳ ರೂಢಿ. ಒಂದೊಂದು ಮನೆಯಲ್ಲೂ ಅವರವರದೇ ಗಾಜಿನ ಸಿರಿಂಜು, ಅವರವರದೇ ಸ್ಟೀಲ್ ಡಬ್ಬಿ. ಬಾಗಿಲು ಹಾಕಿಕೊಂಡು ಕಾಯುವವರನ್ನು ಯಾರೂ ಕಂಡಿರಲಿಲ್ಲ. ಶನಿವಾರ ಬಂದು ಮಿಮ್ಮಾಳ ಸಹಿ ಹಾಕಿಸಿಕೊಂಡು, ಆಮೇಲೆ ತೆಯೊದೋರಾಳನ್ನು ಕರೆದೊಯ್ಯುವುದಾಗಿ ಹೇಳಿ ಲೊಸೀತೊ ಹೋದ.

ಮಿಮ್ಮಾ ನೇರವಾಗಿ ಎರಡನೇ ಮಹಡಿಗೆ ಹೋದಳು.

ಅಲ್ಲಿ ಇದ್ದವರು ದೊನ್ ಒರೊಂಜೊ, ನಿವೃತ್ತ ಪೊಲೀಸ್ ಅಧಿಕಾರಿ. ಸೊಂಟದಿಂದ ಹಿಮ್ಮಡಿಯವರೆಗೆ ಎಳೆಯುವ ನೋವು ಅವರನ್ನು ಕಿಟಕಿಯ ಪಕ್ಕದ ಬೆತ್ತದ ಕುರ್ಚಿಗೆ ಕಟ್ಟಿಹಾಕಿತ್ತು. ಹಾಗಿದ್ದೂ ತಾರಸಿಯಿಂದ ಮಾಯವಾದ ಹಾಸಿಗೆ ಬಟ್ಟೆಯನ್ನು, ಬೆಕ್ಕಿಗೆ ವಿಷ ಹಾಕಿದವರನ್ನು, ಸತ್ತ ಹೆಂಗಸಿನ ಕಿವಿಯೋಲೆಯನ್ನು ಕುಳಿತಲ್ಲಿಂದಲೇ ಪತ್ತೆ ಮಾಡಿದ್ದರು. ಬುದ್ಧಿ ಅವರದು, ಕಾಲು ಮಿಮ್ಮಾಳದು. ಅವರ ಪತ್ತೇದಾರಿ ನಡೆಯುತ್ತಿದ್ದುದೇ ಹಾಗೆ.

ಅವಳು ಎಲ್ಲವನ್ನೂ ಹೇಳಿ, ಕೊನೆಗೆ ದನಿ ತಗ್ಗಿಸಿದಳು. "ಯಾರೋ ಒಬ್ಬ ಗಂಡಸು ಹತ್ತಿಹೋದ, ನಾನು ಮರೆತಿದ್ದೆ ಅಂದ್ರೆ ಏನಾಗತ್ತೆ, ದೊನ್ ಒರೊಂಜೊ? ಟೋಪಿ ಹಾಕಿದ್ದ, ಮುಖ ಕಾಣ್ಲಿಲ್ಲ ಅಂತ."

"ಹತ್ತಿದ್ನಾ?"

"ಇಲ್ಲ."

"ಹಾಗಾದ್ರೆ ಆ ಟೋಪಿಯವನನ್ನ ಅಲ್ಲೇ ಬಿಡಮ್ಮ. ನಿನ್ನ ಕಣ್ಣು ತಪ್ಪಿಸಿ ಈ ಬಾಗಿಲು ದಾಟೋಕೆ ಆಗಲ್ಲ ಅನ್ನೋದೊಂದೇ ನನ್ನ ಹತ್ರ ಇರೋ ಗಟ್ಟಿ ನೆಲ. ಅದನ್ನೂ ಅಗೆದುಬಿಟ್ರೆ ನಾನೆಲ್ಲಿ ನಿಲ್ಲಲಿ?"

"ನಾನು ಅವಳಿಗೆ ಮಾತು ಕೊಟ್ಟಿದ್ದೀನಿ."

"ಗೊತ್ತು," ಎಂದರು ಅವರು. "ಮೇಲೆ ಹೋಗು. ವಿತಾಂತೋನಿಯೊಗೆ ಏನನ್ನಿಸ್ತು ಅಂತ ಕೇಳು. ಏನಾಯ್ತು ಅಂತಲ್ಲ, ಮೈಗೆ ಏನನ್ನಿಸ್ತು ಅಂತ."

ವಿತಾಂತೋನಿಯೊನ ಬಲಗಿವಿಯನ್ನು ಹಡಗಿನ ಸೈರನ್ನುಗಳು ಎಂದೋ ತಿಂದುಹಾಕಿದ್ದವು. ಗೋಡೆಗೆ ಮುಖ ಮಾಡಿ ಮಲಗಿದರೆ ಕೇಳುವ ಕಿವಿ ದಿಂಬಿನಲ್ಲಿ ಹೂತುಹೋಗುತ್ತಿತ್ತು. ಹಾಗಾಗಿ ಅವನು ಏನನ್ನೂ ಕೇಳಿಸಿಕೊಂಡಿರಲಿಲ್ಲ. ಸಿರಿಂಜು ಕುದಿಸಿ, ಮಲಗಿ, ತುಸು ತೂಕಡಿಸಿದ್ದ. ಪಟ್ ಎಂದು ಒಂದು ಏಟು ಬಿತ್ತು. ಹಿಂದೆಯೇ ಕೆಂಡ ಇಟ್ಟ ಹಾಗಾಯಿತು, ಆ ಕೆಂಡ ಹಿಮ್ಮಡಿಯವರೆಗೆ ಓಡಿತು. ಕೂಗಿಕೊಂಡ. ಆಮೇಲೆ ಸ್ಪಿರಿಟ್ ಹತ್ತಿಯಿಂದ ಚರ್ಮ ಕಿತ್ತುಹೋಗುವ ಹಾಗೆ ಉಜ್ಜಿದ್ದು ನೆನಪಿತ್ತು. ತಿರುಗಿ ನೋಡುವ ಮೊದಲೇ ತಲೆ ಭಾರವಾಗಿತ್ತು.

"ಅವಳಿಗೂ ವಯಸ್ಸಾಯ್ತು," ಎಂದ ಮುದುಕ ಬೇಸರದಿಂದ. "ಹಿಂದಿನ ದಿನ ಬಲಗಡೆ ಆಗಿತ್ತು. ಅವತ್ತು ಎಡಗಡೆ ಸರದಿ. ಮತ್ತೆ ಬಲಕ್ಕೇ ಚುಚ್ಚಿದ್ಳು ನೋಡು."

ಅಡಿಗೆಮನೆಯಲ್ಲಿ ಅವನ ಸ್ಟೀಲ್ ಡಬ್ಬಿ ಇತ್ತು. ಮಿಮ್ಮಾ ಮುಚ್ಚಳ ತೆಗೆದಳು. ಸಿರಿಂಜಿನ ಒಳಗೆ ಅದರ ಒತ್ತುಗೋಲು ಹಾಗೇ ಕೂತಿತ್ತು. ಎಳೆದು ನೋಡಿದಳು, ಬರಲಿಲ್ಲ. ಗಾಜಿಗೆ ಗಾಜು ಕಚ್ಚಿಕೊಂಡಿತ್ತು. ಅದನ್ನು ಕರವಸ್ತ್ರದಲ್ಲಿ ಸುತ್ತಿ ಕೆಳಕ್ಕೆ ತಂದು ದೊನ್ ಒರೊಂಜೊ ಮುಂದಿಟ್ಟಳು. ಅವರು ಬಹಳ ಹೊತ್ತು ನೋಡಿ, ಮೂಲೆಯ ಔಷಧಿ ಅಂಗಡಿಯವನಿಗೆ ಕೊಟ್ಟುಬರಲು ಹೇಳಿದರು.

ಮುಂದಿನ ದಿನಗಳಲ್ಲಿ ಮಿಮ್ಮಾ ಗುಡಿಸುವ ನೆಪದಲ್ಲಿ ಮನೆಮನೆ ತಿರುಗಿದಳು. ಹಾಸಿಗೆ, ಕುರ್ಚಿ ಹಿಡಿದವರನ್ನು ಬಿಟ್ಟರೆ ಆ ಸಂಜೆ ಮಹಡಿಗಳಲ್ಲಿ ಇದ್ದವರು ಮೂವರೇ. ಉಳಿದವರು ಹೊರಗೆ ಹೋದದ್ದನ್ನೂ ತಡವಾಗಿ ಬಂದದ್ದನ್ನೂ ಅವಳೇ ನೋಡಿದ್ದಳು.

ನಾಲ್ಕನೇ ಮಹಡಿಯ ಸಿಲ್ವೇರಿಯಾ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಈ ಓಣಿಯವರು ತನ್ನನ್ನು ಬಿಟ್ಟು ತೆಯೊದೋರಾಳನ್ನು ಕರೆಯುತ್ತಾರೆಂಬ ಉರಿ ಅವಳಿಗೆ ಹಳೆಯದು. "ನಾನು ಹೇಳ್ತಾನೇ ಇದ್ದೆ, ಒಂದಿನ ಯಾರನ್ನೋ ಕುಂಟ ಮಾಡ್ತಾಳೆ ಅಂತ," ಎಂದು ಬಾಗಿಲಲ್ಲೇ ನಿಂತು ಹೇಳಿದಳು. ಒಳಗೆ ಕರೆಯಲೂ ಇಲ್ಲ.

ಮೂರನೇ ಮಹಡಿಯಲ್ಲೇ, ಎದುರು ಮನೆಯಲ್ಲಿ, ಗುಮಾಸ್ತ ಅಮೆದೇಯೊ. ಮುಳುಗಿದ ದೋಣಿಯ ಮಾಲೀಕನ ಕಚೇರಿಯಲ್ಲೇ ಅವನ ಕೆಲಸ. ಹಾಸಿಗೆ ಹಿಡಿದ ಹೆಂಡತಿಗೆ ಸಕ್ಕರೆ ಕಾಯಿಲೆ. ದಿನವೂ ಅವಳ ತೊಡೆಗೆ ಇನ್ಸುಲಿನ್ ಕೊಡುವವನು ಅವನೇ. ಸಾಕ್ಷಿಯ ಮಾತೆತ್ತಿದ ಕೂಡಲೇ ಅವನು ಎದ್ದು ಹೋಗಿ ಮೆಟ್ಟಿಲ ಕಡೆಯ ಬಾಗಿಲು ಹಾಕಿದ.

ಮೊದಲನೇ ಮಹಡಿಯ ಫೆದೇಲೆ ಮಾತ್ರ ಎಂದಿನಂತೆ ಹಾಸ್ಯ ಮಾಡಿದ. ಗ್ರೀಸಿನ ಯುದ್ಧದಲ್ಲಿ ಎಡಸೊಂಟಕ್ಕೆ ಹೊಕ್ಕ ಕಬ್ಬಿಣದ ಚೂರು ಇನ್ನೂ ಅಲ್ಲೇ ಇತ್ತು. ಕುರ್ಚಿಯಲ್ಲಿ ಕೂರುವಾಗ ಅವನ ಭಾರವೆಲ್ಲ ಬಲಕ್ಕೆ ವಾಲುತ್ತಿತ್ತು. ಮಗಳನ್ನು ಆ ಮುಳುಗಿದ ದೋಣಿಯ ಮಾಲೀಕನಿಗೇ ಕೊಟ್ಟಿದ್ದರೂ, ವಿತಾಂತೋನಿಯೊಗೆ ತಾನೇ ಮೀನಿನ ಸಾರು ಮಾಡಿ ಒಯ್ದು ಕೊಟ್ಟಿದ್ದ. "ಸೂಜಿ ಕಂಡ್ರೆ ನಂಗೆ ಮೂರ್ಛೆ, ಮಿಮ್ಮಾ," ಎಂದ. "ಯುದ್ಧದಲ್ಲಿ ಗುಂಡಿಗೆ ಹೆದರಿಲ್ಲ. ತೆಯೊದೋರಾ ಬಂದ್ರೆ ಮಾತ್ರ ಗೋಡೆ ನೋಡ್ತಾ ಎಲ್ಲ ಸಂತರನ್ನೂ ಕರೀತೀನಿ."

ಮಿಮ್ಮಾ ಇದನ್ನೆಲ್ಲ ಒಪ್ಪಿಸಿದಳು. ಔಷಧಿ ಅಂಗಡಿಯವನೂ ಹೇಳಿ ಕಳಿಸಿದ್ದ: ಸಿರಿಂಜಿನಲ್ಲಿ ಅಂಟಿದ್ದು ವಿತಾಂತೋನಿಯೊನ ಕೀಲುನೋವಿನ ಮದ್ದಲ್ಲ, ಗಾಢ ನಿದ್ದೆಯದು. ದೊನ್ ಒರೊಂಜೊ ತಲೆಯಾಡಿಸಿದರು. "ಚುಚ್ಚೋಕೆ ಬರೋರು ಇಬ್ರು. ಇಬ್ರಿಗೂ ಕಾರಣ ಇದೆ. ಆದ್ರೂ ಏನೋ ಹೊಂದ್ತಾ ಇಲ್ಲ," ಎಂದರು. ಶುಕ್ರವಾರದವರೆಗೂ ಅದು ಹೊಂದಲಿಲ್ಲ. ಮಿಮ್ಮಾಳಿಗೆ ಊಟ ಸೇರುತ್ತಿರಲಿಲ್ಲ. ನಲ್ಲಿಯ ಹತ್ತಿರ ಹೆಂಗಸರು ತೆಯೊದೋರಾಳ ಹೆಸರೆತ್ತಿ ಪಿಸುಗುಡುತ್ತಿದ್ದರು. ಅವಳನ್ನು ಕರೆಯುವ ಮನೆ ಒಂದೂ ಉಳಿದಿರಲಿಲ್ಲ.

ಒಂದು ಮನೆ ಉಳಿದಿತ್ತು. ಶುಕ್ರವಾರ ದೊನ್ ಒರೊಂಜೊ ಅವಳಿಗೆ ಹೇಳಿಕಳಿಸಿದರು.

"ನಾನು ಬರಬಾರ್ದಿತ್ತು," ಎಂದಳು ತೆಯೊದೋರಾ ಹೊಸ್ತಿಲಲ್ಲೇ. ಎತ್ತರದ, ಒಣಕಲು ಹೆಂಗಸು. ಆ ವಾರದಲ್ಲಿ ಇನ್ನಷ್ಟು ಒಣಗಿದ್ದಳು. ಮಿಮ್ಮಾಳ ಕಡೆ ನೋಡಲಿಲ್ಲ.

"ನನ್ನ ಸೊಂಟ ಠಾಣೆಯ ಅಪ್ಪಣೆಗೆ ಕಾಯಲ್ಲ. ಬಾ. ಮಿಮ್ಮಾ, ನೀನೂ ಇಲ್ಲೇ ಇರು. ಈ ವಯಸ್ಸಿನಲ್ಲಿ ನನ್ನ ಪಿರ್ರೆ ಸರ್ಕಾರಿ ಗುಟ್ಟೇನಲ್ಲ."

ಮಿಮ್ಮಾ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತು ನೋಡಿದಳು.

ತೆಯೊದೋರಾ ಎಣ್ಣೆಮದ್ದಿನ ಆಂಪೂಲನ್ನು ಮುಷ್ಟಿಯಲ್ಲಿ ಹಿಡಿದು ಬೆಚ್ಚಗಾಗುವವರೆಗೆ ಕಾದಳು. ಕತ್ತು ಗೀರಿ ಮುರಿದು ಮದ್ದು ಎಳೆದುಕೊಂಡಳು. ಎಳೆದ ಸೂಜಿ ತೆಗೆದು ಬೇರೆ ಸೂಜಿ ಹಾಕಿದಳು. "ಇವತ್ತು ಯಾವ ಕಡೆ?" ಎಂದು ಕೇಳಿದಳು. ಎಡ ಎಂದರು ದೊನ್ ಒರೊಂಜೊ ದಿಂಬಿನೊಳಗಿಂದ. ಅವರ ಎರಡೂ ಪಾದಗಳನ್ನು ಹಿಡಿದು ಹೆಬ್ಬೆರಳು ಹೆಬ್ಬೆರಳಿಗೆ ತಾಗುವ ಹಾಗೆ ಒಳಕ್ಕೆ ತಿರುಗಿಸಿದಳು. ಬಿಗಿದಿದ್ದ ಮಾಂಸ ಸಡಿಲವಾದದ್ದು ದೂರಕ್ಕೂ ಕಾಣಿಸಿತು. ಬೆರಳಿನಿಂದ ಗಾಳಿಯಲ್ಲೇ ಒಂದು ಶಿಲುಬೆ ಎಳೆದು ಪಿರ್ರೆಯನ್ನು ನಾಲ್ಕು ಪಾಲು ಮಾಡಿ, ಮೇಲಿನ ಹೊರಗಿನ ಪಾಲನ್ನು ಹುಡುಕಿಕೊಂಡಳು. ಅಲ್ಲಿ ಸ್ಪಿರಿಟ್ ಹಚ್ಚಿದಳು. ಹಚ್ಚಿ ಸುಮ್ಮನೆ ನಿಂತಳು. ತುಟಿ ಅಲುಗುತ್ತಿತ್ತು; ಮರಿಯಮ್ಮನ ಪ್ರಾರ್ಥನೆ. ಅದು ಮುಗಿಯುವಷ್ಟರಲ್ಲಿ ಚರ್ಮ ಒಣಗಿತ್ತು.

"ಒದ್ದೇಲಿ ಚುಚ್ಚಿದ್ರೆ ಸ್ಪಿರಿಟ್ಟೇ ಒಳಗೆ ಹೋಗಿ ಉರಿಯತ್ತೆ," ಎಂದಳು ಯಾರಿಗೋ ಎಂಬಂತೆ.

ಎಡಗೈಯಿಂದ ಚರ್ಮವನ್ನು ತುಸು ಪಕ್ಕಕ್ಕೆ ಎಳೆದು ಹಿಡಿದು, ಉಳಿದ ಬೆರಳುಗಳಿಂದ ಪಟ್ ಎಂದು ಹಗುರವಾಗಿ ತಟ್ಟಿದಳು. ಆ ತಟ್ಟಿನ ಜೊತೆಯಲ್ಲೇ ಸೂಜಿ ನೆಟ್ಟಗೆ ಇಳಿದಿತ್ತು. ಕೂದಲೆಳೆಯಷ್ಟು ಹಿಂದಕ್ಕೆಳೆದು, ರಕ್ತ ಬರುವುದಿಲ್ಲ ಎಂದು ನೋಡಿಕೊಂಡು, ಜೇನು ಇಳಿಯುವ ಹಾಗೆ ನಿಧಾನವಾಗಿ ಮದ್ದು ಬಿಟ್ಟಳು. ಸೂಜಿ ತೆಗೆದ ಮೇಲೆ ಎಳೆದಿದ್ದ ಚರ್ಮ ತನ್ನ ಜಾಗಕ್ಕೆ ಸರಿಯಿತು, ದಾರಿ ಮುಚ್ಚಿಕೊಂಡಿತು. ಹತ್ತಿ ಇಟ್ಟು ಒತ್ತಿದಳು. ಉಜ್ಜಲಿಲ್ಲ.

"ಶುರುಮಾಡಮ್ಮ," ಎಂದರು ದೊನ್ ಒರೊಂಜೊ.

"ಮುಗೀತು. ಹತ್ತಿ ಒತ್ತಿಕೊಂಡು ಮಲಗಿರಿ." ಅವಳು ಅಡಿಗೆಮನೆಗೆ ಹೋಗಿ ಸಿರಿಂಜು ತೊಳೆದು, ಒತ್ತುಗೋಲನ್ನು ಹೊರಗೆ ತೆಗೆದು, ಎರಡನ್ನೂ ಬೇರೆಬೇರೆಯಾಗಿ ಬಟ್ಟೆಯ ಮೇಲಿಟ್ಟಳು.

ಮಿಮ್ಮಾಳಿಗೆ ಆಶ್ಚರ್ಯ ತಡೆಯಲಾಗಲಿಲ್ಲ. "ಇಷ್ಟೆಲ್ಲ ಮಾಡ್ತೀಯಾ? ನನಗೂ ಎಷ್ಟೋ ಸಲ ಚುಚ್ಚಿದ್ದೀಯ. ಒಂದು ಏಟು, ಒಂದು ಚುಚ್ಚು, ಒಂದು ಹತ್ತಿ ಅಷ್ಟೇ ಅಂದ್ಕೊಂಡಿದ್ದೆ ನಾನು. ಗೋಡೆ ನೋಡ್ತಾ ಮಲಗಿದವ್ರಿಗೆ ಹಿಂದೆ ಏನು ನಡೀತಿದೆ ಅಂತ ಹೇಗೆ ಗೊತ್ತಾಗ್ಬೇಕು?"

ದೊನ್ ಒರೊಂಜೊ ದಿಂಬಿನಿಂದ ಮುಖ ಎತ್ತಿದರು.

"ಮಿಮ್ಮಾ, ಇನ್ನೊಂದ್ಸಲ ಹೇಳು ಅದನ್ನ."

ಅವಳು ಹೇಳಿದಳು.

"ತೆಯೊದೋರಾ, ಎಲ್ರಿಗೂ ಎಡ ಬಲ ಅಂತ ಸರದಿ ಮಾಡ್ತೀಯಲ್ಲ? ಯಾರಿಗಾದ್ರೂ ಮಾಡಲ್ವಾ?"

ತೆಯೊದೋರಾ ಕೈ ಒರೆಸಿಕೊಳ್ಳುತ್ತಾ ಅವರ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದಳು. ದೊನ್ ಒರೊಂಜೊ ಕಣ್ಣು ಮುಚ್ಚಿದರು. "ನಾಳೆ ಎಲ್ರೂ ವಿತಾಂತೋನಿಯೊ ಕೋಣೆಗೆ ಬರ್ಲಿ," ಎಂದರು. "ನಾನೇ ಮೆಟ್ಟಿಲು ಹತ್ತಿ ಬರ್ತೀನಿ."

ಶನಿವಾರ ಅವರು ಮಿಮ್ಮಾಳ ಭುಜ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ಕೋಣೆಯಲ್ಲಿ ವಿತಾಂತೋನಿಯೊ ಕುರ್ಚಿಯಲ್ಲಿ ಕೂತಿದ್ದ, ಬಲಗಾಲು ದಿಂಬಿನ ಮೇಲೆ. ಖಾಲಿ ಮಂಚದ ಪಕ್ಕ ತೆಯೊದೋರಾ ಕೈ ಕಟ್ಟಿ ನಿಂತಿದ್ದಳು. ಸಿಲ್ವೇರಿಯಾ, ಅಮೆದೇಯೊ, ಫೆದೇಲೆ ಗೋಡೆಯುದ್ದಕ್ಕೂ ಕೂತಿದ್ದರು. ಲೊಸೀತೊ ಕಾಗದ ಬಿಡಿಸಿ ಮೇಜಿನ ಮೇಲಿಟ್ಟು ಪೆನ್ನು ಮುಂದೆ ಚಾಚಿದ.

ಮಿಮ್ಮಾ ಓದಿದಳು. ಹೊರಗಿನಿಂದ ಬಂದು ಮೇಲೆ ಹೋದವಳು ತೆಯೊದೋರಾ ಒಬ್ಬಳೇ. ತನ್ನದೇ ಮಾತು, ಸರ್ಕಾರದ ಅಕ್ಷರದಲ್ಲಿ.

"ಇದಕ್ಕೆ ನಾನು ಸಹಿ ಹಾಕ್ಲೇಬೇಕಾ?" ಎಂದಳು ದೊನ್ ಒರೊಂಜೊ ಕಡೆ ತಿರುಗಿ.

"ನಿಜ ತಾನೆ?"

ಟೋಪಿ ಹಾಕಿದ ಆ ಗಂಡಸು ಮಿಮ್ಮಾಳ ನಾಲಗೆಯ ತುದಿಯಲ್ಲೇ ನಿಂತಿದ್ದ. ಒಂದು ಮಾತು ಸಾಕಿತ್ತು, ಅವನು ಮೆಟ್ಟಿಲು ಹತ್ತಿಬಿಡುತ್ತಿದ್ದ. ತೆಯೊದೋರಾ ಈಗ ಅವಳನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಬೇಡಿಕೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ, ಅದೇ ಕಷ್ಟವಾಗಿತ್ತು. ಮಿಮ್ಮಾ ಬಗ್ಗಿ ಸಹಿ ಹಾಕಿದಳು. ಪೆನ್ನು ಕೈಯಿಂದ ಜಾರಿ ಉರುಳಿತು.

"ಸರಿ," ಎಂದರು ದೊನ್ ಒರೊಂಜೊ. "ಹೊರಗಿಂದ ಬೇರೆ ಯಾರೂ ಬಂದಿಲ್ಲ. ಅಂದ್ರೆ ತೆಯೊದೋರಾ ಮಾಡಿರ್ಬೇಕು, ಇಲ್ಲಾ ಒಳಗಿದ್ದ ಮೂವರಲ್ಲಿ ಒಬ್ರು. ಈಗೊಂದು ಪರೀಕ್ಷೆ ಮಾಡೋಣ. ಈ ಕೆಲಸ ಯಾರಿಗೆ ಬರತ್ತೆ ಅಂತ ನೋಡೋಣ."

ಅವರು ದಿಂಬೊಂದನ್ನು ಮಂಚದ ಮೇಲೆ ಇಟ್ಟು, ಇದ್ದಿಲಿನಿಂದ ನಡುವೆ ಒಂದು ಗೀಟು ಎಳೆದರು. ದಿಂಬು ನೋಡುವುದಕ್ಕೆ ಹೇಗೆ ಕಂಡಿತೋ, ವಿತಾಂತೋನಿಯೊ ಕೂಡ ತುಟಿ ಕಚ್ಚಿಕೊಂಡ. ಪಕ್ಕದಲ್ಲಿ ಸಿರಿಂಜು, ಸ್ಪಿರಿಟ್, ಹತ್ತಿ. ತೆಯೊದೋರಾ ಹೇಗೆ ಚುಚ್ಚುತ್ತಾಳೋ ಹಾಗೆ ಒಬ್ಬೊಬ್ಬರೂ ಮಾಡಿ ತೋರಿಸಬೇಕು ಎಂದರು.

ಸಿಲ್ವೇರಿಯಾ ತೋಳು ಮಡಚಿ ಎದ್ದಳು. "ಹಿಂದಿನ ಸಲ ಯಾವ ಕಡೆ ಆಗಿತ್ತು?" ಎಂದು ಕೇಳಿ, ಸ್ಪಿರಿಟ್ ಹಚ್ಚಿ, ಒಣಗಲು ಬಿಟ್ಟು, ಮೇಲಿನ ಹೊರ ಮೂಲೆಗೆ ಸೂಜಿ ಇಳಿಸಿ, ಒತ್ತುಗೋಲು ತೆಗೆದಿಟ್ಟು ಬಂದು ಕೂತಳು. "ನಲವತ್ತು ವರ್ಷದ ಕೆಲಸ ಇದು. ಮುಚ್ಚಿಡೋಕೆ ಏನಿದೆ?"

ಅಮೆದೇಯೊ ಬೆವರುತ್ತಿದ್ದ. "ಎಡಕ್ಕೋ ಬಲಕ್ಕೋ?" ಎಂದ. ಅಭ್ಯಾಸಬಲದಿಂದ ದಿಂಬನ್ನು ಚಿವುಟಿ ಹಿಡಿದು ಓರೆಯಾಗಿ ಚುಚ್ಚಿದ, ಹೆಂಡತಿಯ ತೊಡೆಗೆ ಚುಚ್ಚುವ ಹಾಗೆ.

ಫೆದೇಲೆ ಕುಂಟುತ್ತಾ, ನಗುತ್ತಾ ಬಂದ. "ನನಗೆಲ್ಲಿ ಬರತ್ತೆ, ಸ್ವಾಮಿ? ನಾನು ಗೋಡೆ ನೋಡೋ ಪಾರ್ಟಿ. ತಪ್ಪಾದ್ರೆ ನಗಬೇಡಿ." ದಿಂಬಿನ ಬಲ ಅರ್ಧಕ್ಕೆ ಪಟ್ ಎಂದು ಹೊಡೆದ. ಕೆಳಗೆ, ಗೀಟಿನ ಹತ್ತಿರ ಸೂಜಿ ಚುಚ್ಚಿ ಒಂದೇ ಸಲಕ್ಕೆ ಒತ್ತಿದ. ಹತ್ತಿಗೆ ಸ್ಪಿರಿಟ್ ಸುರಿದು ಗರಗರ ಉಜ್ಜಿದ. ಒತ್ತುಗೋಲು ಒಳಗೇ ಇದ್ದ ಸಿರಿಂಜನ್ನು ಡಬ್ಬಿಗೆ ಹಾಕಿ ಮುಚ್ಚಿ, "ನೋಡಿದ್ರಾ? ನಾನು ಮಾಡಿದ್ರೆ ಆನೆಯೂ ಕುಂಟತ್ತೆ," ಎಂದ.

ವಿತಾಂತೋನಿಯೊ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿದ್ದ.

"ಅದೇ," ಎಂದ ಮುದುಕ ಮೆಲ್ಲಗೆ. "ಅವತ್ತು ಆದದ್ದು ಅದೇ. ಏಟು, ಕೆಂಡ, ಉಜ್ಜು."

ದೊನ್ ಒರೊಂಜೊ ಮಂಚದ ಅಂಚಿಗೆ ಕೂತು, ಅವಸರವಿಲ್ಲದೆ ಹೇ‍ಳತೊಡಗಿದರು. ಚುಚ್ಚುವುದನ್ನು ಬಲ್ಲವರನ್ನೇ ಇಷ್ಟು ದಿನ ಹುಡುಕುತ್ತಿದ್ದೆ, ಹುಡುಕಬೇಕಾದ್ದು ಬಾರದವನನ್ನು ಎಂದು ತೋರಿಸಿಕೊಟ್ಟವಳು ಮಿಮ್ಮಾ ಎಂದರು. ಆ ಸಂಜೆ ನಡೆದದ್ದರಲ್ಲಿ ಮಲಗಿದವನ ಮೈಗೆ ತಿಳಿಯುವಂಥದ್ದು ಮಾತ್ರ ಇತ್ತು. ಏಟು, ಚುಚ್ಚು, ಹತ್ತಿ. ಮೈಗೆ ತಿಳಿಯದ್ದು ಒಂದೂ ಇರಲಿಲ್ಲ. ಸ್ಪಿರಿಟ್ ಒಣಗಲು ಕಾಯಲಿಲ್ಲ, ಜಾಗ ಅಳೆಯಲಿಲ್ಲ, ಹಿಂದಕ್ಕೆಳೆದು ನೋಡಲಿಲ್ಲ. ಮೊದಲೇ ಸ್ಪಿರಿಟ್ ಹಚ್ಚಿದ್ದರೂ, ಕಾಲ್ಬೆರಳು ತಿರುಗಿಸಿದ್ದರೂ ಮುದುಕ ಎಚ್ಚೆತ್ತು ತಿರುಗಿಬಿಡುತ್ತಿದ್ದ, ಅವೆರಡನ್ನೂ ಬಿಟ್ಟಿದ್ದ. ಒತ್ತುಗೋಲನ್ನು ಹೊರಗೆ ತೆಗೆದಿಡುವುದು ಅಡಿಗೆಮನೆಯಲ್ಲಿ, ರೋಗಿ ಇನ್ನೂ ಹತ್ತಿ ಒತ್ತಿಕೊಂಡು ಮಲಗಿರುವಾಗ. ಅದನ್ನೂ ಇವನು ಕಂಡಿರಲಿಲ್ಲ. ಹಾಗಾಗಿ ಸಿರಿಂಜು ಕಚ್ಚಿಕೊಂಡು ನಿದ್ದೆಮದ್ದನ್ನು ನಮಗಾಗಿ ಇಟ್ಟುಕೊಂಡಿತು. ಆಂಪೂಲು ಮುರಿಯುವುದು, ಮದ್ದು ಎಳೆಯುವುದು ಮಾತ್ರ ಮೇಜಿನ ಮೇಲೆ ಎಲ್ಲರ ಎದುರೇ ನಡೆಯುತ್ತದೆ. ಅಷ್ಟನ್ನು ಕಲಿತಿದ್ದ.

"ಈ ಓಣಿಯಲ್ಲಿ ಎಲ್ರೂ ಗೋಡೆ ನೋಡ್ತಾನೇ ಮಲಗೋದು," ಎಂದ ಫೆದೇಲೆ. ನಗು ಇನ್ನೂ ಮುಖದಲ್ಲಿತ್ತು, ಆರಿದ ಒಲೆಯ ಹಾಗೆ. "ಹಾಗಾದ್ರೆ ಊರನ್ನೇ ಹಿಡೀರಿ."

"ಊರೆಲ್ಲ ಒಂದು ಪ್ರಶ್ನೆ ಕೇಳತ್ತೆ, ಫೆದೇಲೆ. ಎಡವೋ ಬಲವೋ? ಸಿಲ್ವೇರಿಯಾ ಕೇಳಿದ್ಳು, ಅಮೆದೇಯೊ ಕೇಳಿದ. ನೀನು ಕೇಳ್ಲಿಲ್ಲ. ಅವತ್ತೂ ಕೇಳಿಕೊಳ್ಳಲಿಲ್ಲ, ಎಡದ ಸರದೀಲಿ ಬಲಕ್ಕೆ ಚುಚ್ಚಿದೆ. ನಿನ್ನ ಎಡಸೊಂಟದಲ್ಲಿ ಕಬ್ಬಿಣ ಇದೆ. ನಿನಗೆ ತೆಯೊದೋರಾ ಯಾವತ್ತೂ ಎಡಕ್ಕೆ ಮುಟ್ಟಿಲ್ಲ. ಇಂಜೆಕ್ಷನ್ ಅಂದ್ರೆ ಬಲ ಅಂತ್ಲೇ ತಿಳಿದಿರೋನು ಈ ಕಟ್ಟಡದಲ್ಲಿ ಒಬ್ನೇ."

ಅವರು ಬಾಗಿಲ ಕಡೆ ಕೈ ತೋರಿಸಿದರು. "ಹೋಗುವಾಗ ಬಾಗಿಲನ್ನೂ ಎಳೆದುಕೊಂಡೆ. ತೆಯೊದೋರಾ ಬಂದಾಗ ಹಾಕಿತ್ತು. ಅವಳು ಹೇಳಿದ್ದು ಅಕ್ಷರಶಃ ನಿಜ."

ಲೊಸೀತೊ ಆಗಲೇ ಕೆಳಗೆ ಫೆದೇಲೆಯ ಮನೆಗೆ ಹೋಗಿದ್ದ. ಬಂದಾಗ ಅವನ ಅಂಗೈಯಲ್ಲಿ ನಿದ್ದೆಮದ್ದಿನ ಆಂಪೂಲುಗಳ ಡಬ್ಬಿ ಇತ್ತು, ಯುದ್ಧದ ಕನಸುಗಳಿಗೆಂದು ಡಾಕ್ಟರು ಫೆದೇಲೆಗೆ ಬರೆದುಕೊಟ್ಟದ್ದು. ಅದರಲ್ಲಿ ತೆಯೊದೋರಾ ಅವನಿಗೆ ಚುಚ್ಚಿದ್ದಕ್ಕಿಂತ ಎರಡು ಗೂಡು ಹೆಚ್ಚು ಖಾಲಿ ಇದ್ದವು.

ಫೆದೇಲೆ ಕುರ್ಚಿಯಲ್ಲಿ ಬಲಕ್ಕೆ ವಾಲಿ ಕೂತ. "ಬೆಳಗಿನವರೆಗೆ ಮಲಗಿರ್ಲಿ ಅಂತ ಅಷ್ಟೇ," ಎಂದ. "ಕೋರ್ಟು ತಪ್ಪಲಿ ಅಂತ. ಅಳಿಯ ಒಳಗೆ ಹೋದ್ರೆ ನನ್ನ ಮಗಳು ಬೀದಿಗೆ ಬರ್ತಾಳೆ. ಕಾಲು ಹೋಗತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ, ವಿತಾಂತೋನಿಯೊ."

"ಮಾರನೇ ದಿನ ಸಾರು ತಂದು ಕೊಟ್ಯಲ್ಲ," ಎಂದ ಮುದುಕ. "ಚೆನ್ನಾಗಿತ್ತು ಅಂದೆ ನಾನು."

ಲೊಸೀತೊ ಫೆದೇಲೆಯ ತೋಳು ಹಿಡಿದು ನಿಧಾನವಾಗಿ ಮೆಟ್ಟಿಲು ಇಳಿಸಿದ. ಸಿಲ್ವೇರಿಯಾ ಹೊರಡುವಾಗ ತೆಯೊದೋರಾಳ ಮುಂದೆ ಒಂದು ಕ್ಷಣ ನಿಂತು, ದಿಂಬನ್ನು ಎತ್ತಿ ಇದ್ದಿಲು ಕೊಡವಿ ಇಟ್ಟು ಹೋದಳು.

"ನೀನು ಆ ಟೋಪಿಯವನನ್ನ ತಂದಿದ್ರೆ," ಎಂದರು ದೊನ್ ಒರೊಂಜೊ ಇಳಿಯುವಾಗ, ಮಿಮ್ಮಾಳ ಭುಜದ ಮೇಲೆ ಭಾರ ಬಿಟ್ಟು, "ಲೊಸೀತೊ ಇನ್ನೂ ಬಂದರಿನಲ್ಲಿ ಟೋಪಿಗಳನ್ನ ಹುಡುಕ್ತಾ ಇರ್ತಿದ್ದ. ಫೆದೇಲೆ ಸಾರು ಮಾಡ್ತಾ ಇರ್ತಿದ್ದ."

ವಿಚಾರಣೆಯ ದಿನ ವಿತಾಂತೋನಿಯೊನನ್ನು ಕುರ್ಚಿಯ ಸಮೇತ ಎತ್ತಿಕೊಂಡು ಹೋದರು; ಅವನು ದೋಣಿಯ ತಳದ ಬಗ್ಗೆ ಹೇಳಬೇಕಾದ್ದನ್ನೆಲ್ಲ ಹೇಳಿದ. ಫೆದೇಲೆಯ ಮೊಕದ್ದಮೆಯಲ್ಲಿ ಮಿಮ್ಮಾಳನ್ನೂ ಕರೆದರು. ಮೊದಲ ದಿನ ನೀನು ಏನು ಹೇಳಿದ್ದೆ ಎಂದು ನ್ಯಾಯಾಧೀಶರು ಕೇಳಿದರು. ತೆಯೊದೋರಾ ಒಬ್ಳೇ ಹೋದದ್ದು ಅಂತ ಹೇಳಿದ್ದೆ, ಎಂದಳು, ತುಂಬಿದ ಕೋರ್ಟಿನಲ್ಲಿ, ಗಟ್ಟಿಯಾಗಿ. ಪರವಾನಗಿಯ ವಿಷಯ ಬರೆದ ಹಾಳೆ ಠಾಣೆಯಲ್ಲಿ ಎಲ್ಲೋ ಸೇರಿಹೋಯಿತು. ಲೊಸೀತೊನ ತಾಯಿಗೆ ಆ ವಾರವೇ ತೆಯೊದೋರಾಳ ಕೈಯಿಂದ ಲಿವರ್ ಇಂಜೆಕ್ಷನ್ ಶುರುವಾಗಿತ್ತು.

ಬೇಸಿಗೆಯ ಮೊದಲಲ್ಲಿ ಮಿಮ್ಮಾಳಿಗೆ ಬೆನ್ನು ಹಿಡಿಯಿತು. ಗಾಜಿನ ಕೋಣೆಯಲ್ಲಿ ಬಾಗಿಲು ಓರೆಮಾಡಿ, ಸಿರಿಂಜು ಕುದಿಸಿಟ್ಟು, ಮಕ್ಕಳನ್ನು ಅಂಗಳಕ್ಕೆ ಅಟ್ಟಿ ಮಲಗಿದಳು. ತೆಯೊದೋರಾ ಬಂದು ಆಂಪೂಲನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು. ಇಬ್ಬರೂ ಆ ಶನಿವಾರದ ಬಗ್ಗೆ ಅಲ್ಲಿಯವರೆಗೆ ಮಾತಾಡಿರಲಿಲ್ಲ.

"ನಿನಗೆ ಮಾತು ಕೊಟ್ಟಿದ್ದೆ, ಕೊಮಾರೆ," ಎಂದಳು ಮಿಮ್ಮಾ ಗೋಡೆಗೆ.

"ಕಾಲ್ಬೆರಳು ಒಳಕ್ಕೆ ತಿರುಗಿಸು," ಎಂದಳು ತೆಯೊದೋರಾ. "ಯಾವ ಕಡೆ?"

"ಎಡ."

ಸ್ಪಿರಿಟ್ಟಿನ ತಂಪು ತಾಗಿತು. ಹಿಂದೆ ಪ್ರಾರ್ಥನೆಯ ಪಿಸುದನಿ ಶುರುವಾಯಿತು, ಮುಗಿಯಿತು. ಏಟು ಬಿತ್ತು; ಸೂಜಿ ಇಳಿದದ್ದು ತಿಳಿಯಲಿಲ್ಲ.

ಮಿಮ್ಮಾ ತಾನು ಕೊಟ್ಟ ಮಾತನ್ನು ಮುರಿದಿದ್ದಳು.